ಎರಡು ಸಲ ತುಳಿಯುವ ಕ್ಲಚ್ಚು

ಮೊನ್ನೆ ಚಾಮುಂಡಿ ಬೆಟ್ಟ ಹತ್ತುವಾಗ ಮುಂದಿನ ಕಾರಿನಿಂದ ಸುಟ್ಟ ಕ್ಲಚ್ಚಿನ ವಾಸನೆ ಬಂತು. ಪಕ್ಕದಲ್ಲಿದ್ದ ಮಗಳು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಕಿಟಕಿ ಇಳಿಸಿ ಇನ್ನೊಂದು ಸಲ ಮೂಸಿದೆ. ಆ ವಾಸನೆ ಅಂದರೆ ನನಗೆ ನಮ್ಮ ಡ್ರೈವಿಂಗ್ ಮೇಷ್ಟ್ರು...

ಅಶೋಕಪುರಂನಲ್ಲಿ ನಮ್ಮ ಮನೆಯಿಂದ ಮೂರನೆಯದು ಅವರ ಮನೆ. ವರ್ಷಗಟ್ಟಲೆ ಲಾರಿ ಓಡಿಸಿ ಸಾಕಾಗಿ, ಸದಾ ಸುಟ್ಟ ಕ್ಲಚ್ಚಿನ ವಾಸನೆ ಹೊಡೆಯುವ ಒಂದು ಹಳೇ ಜೀಪು ಇಟ್ಟುಕೊಂಡು ಡ್ರೈವಿಂಗ್ ಕಲಿಸುತ್ತಿದ್ದರು. ಆಗ ನನಗೆ ಇಪ್ಪತ್ತಮೂರು. ಹೆಣ್ಣುಮಗಳಿಗೆ ಯಾಕಂತೆ ಜೀಪು ಎಂದು ಬೀದಿಯವರೆಲ್ಲ ಮೂಗು ಮುರಿದಿದ್ದರು; ಅದಕ್ಕೇ ಹಟ ಹಿಡಿದು ಸೇರಿದ್ದೆ. ಮೇಷ್ಟ್ರು ಗೇರು ಬದಲಾಯಿಸಿದರೆ ಸದ್ದೂ ಇಲ್ಲ, ಜಗ್ಗೂ ಇಲ್ಲ. ಹಿಂದೆ ಕೂತವರ ನಿದ್ದೆ ಕೆಡುತ್ತಿರಲಿಲ್ಲ. ನಾನು ಬದಲಾಯಿಸಿದರೆ ಬೀದಿ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು.

"ಡಬಲ್ ಕ್ಲಚ್ ಕಣಮ್ಮ ಅದು," ಅಂದರು ಒಂದು ದಿನ. ಅಂದರೆ ಒಂದು ಗೇರಿಗೆ ಕ್ಲಚ್ಚನ್ನು ಎರಡು ಸಲ ತುಳಿಯುವುದು. ಮೊದಲ ಸಲ ತುಳಿದು ಗೇರು ಬಿಡಿಸಿ ನ್ಯೂಟ್ರಲ್‌ಗೆ ತರಬೇಕು. ಕ್ಲಚ್ ಬಿಟ್ಟು, ಕೆಳಗಿನ ಗೇರಿಗೆ ಇಳಿಯುವುದಾದರೆ ಆಕ್ಸಿಲರೇಟರ್ ಒಂಚೂರು ಒತ್ತಬೇಕು. ಆಮೇಲೆ ಮತ್ತೆ ತುಳಿದು ಗೇರು ಹಾಕಬೇಕು. ಹಳೇ ಲಾರಿ, ಜೀಪುಗಳಲ್ಲಿ ಗೇರಿನ ಹಲ್ಲುಚಕ್ರಗಳ ವೇಗ ತಾನಾಗಿ ಸಮವಾಗುವ ಏರ್ಪಾಡು ಇರಲಿಲ್ಲವಂತೆ. ಆ ಕೆಲಸ ಡ್ರೈವರನ ಕಾಲೇ ಮಾಡಬೇಕಿತ್ತು. ಎರಡು ಸಲ ತುಳಿಯುವುದಕ್ಕೇ ಆ ಹೆಸರು. ಆಮೇಲಿನ ಗಾಡಿಗಳಿಗೆ ಅದರ ಹಂಗಿಲ್ಲ, ಹೆಸರು ಮಾತ್ರ ಡ್ರೈವರುಗಳ ಬಾಯಲ್ಲಿ ಉಳಿದುಕೊಂಡಿತು.

ನನಗೆ ಎಲ್ಲ ಬರುತ್ತಿತ್ತು, ನಡುವಿನ ಆಕ್ಸಿಲರೇಟರ್ ಒಂದು ಬಿಟ್ಟು. ವೇಗ ತಗ್ಗಿಸಬೇಕಾದಾಗ ಯಾರಾದರೂ ಆಕ್ಸಿಲರೇಟರ್ ಒತ್ತುತ್ತಾರೆಯೇ? ಕಾಲು ಒಪ್ಪುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ಬೆಟ್ಟ ಇಳಿಯುವಾಗ ಬ್ರೇಕ್ ತುಳಿದೆ, ಪೆಡಲ್ ಸೀದಾ ತಳಕ್ಕೆ ಹೋಯಿತು. ಮೇಷ್ಟ್ರ ಕಡೆಯೂ ಒಂದು ಬ್ರೇಕಿತ್ತು, ಅದೂ ಹಾಗೇ. ಹ್ಯಾಂಡ್ ಬ್ರೇಕು ಹೆಸರಿಗಷ್ಟೇ. ಮೂರನೇ ಗೇರಿನಲ್ಲಿದ್ದ ಜೀಪು ಜೋರಾಗುತ್ತಾ ಹೋಯಿತು. ಮುಂದೆ ತಿರುವು, ತಿರುವಿನಾಚೆ ಬರೀ ಆಕಾಶ.

ಮೇಷ್ಟ್ರು ಗೇರಿನ ಮೇಲೆ ಕೈಯಿಟ್ಟರು. ಹಾಜರಿ ಕರೆಯುವಂಥ ದನಿ. "ಸ್ಟೇರಿಂಗು, ಕಾಲು ನಿಂದು. ಗೇರು ನಾನು ಹಾಕ್ತೀನಿ. ತುಳಿ... ಬುಡು... ಈಗ ಆಕ್ಸಿಲೇಟರ್ ಕೊಡು."

"ಬ್ರೇಕೇ ಇಲ್ವಲ್ಲ ಮೇಷ್ಟ್ರೇ."

"ಅದಕ್ಕೇ ಕೊಡು ಅಂದಿದ್ದು ಕಣಮ್ಮ."

ಕೊಟ್ಟೆ. ಎಂಜಿನ್ ಗುಡುಗಿತು. "ತುಳಿ," ಅಂದರು, ತುಳಿದೆ. ಎರಡನೇ ಗೇರು ಸದ್ದಿಲ್ಲದೆ ಕೂತಿತು... ನನ್ನ ಕಾಲು, ಅವರ ಕೈ. ಕೆಳಗಿನ ಗೇರಿನಲ್ಲಿ ಎಂಜಿನ್ನೇ ಚಕ್ರಗಳನ್ನು ತಡೆದು, ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ಜೀಪು ನಿಧಾನವಾಯಿತು. ತಿರುವು ದಾಟಿದೆವು. ಮತ್ತೆ ಅವೇ ಮಾತು, ಮೊದಲನೇ ಗೇರು. ಕೊನೆಗೆ ಅವರು ಹೇಳಿದ ಹಾಗೆ ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ದಿನಾ ಬರೀ ಬನಿಯನ್ ಹಾಕಿಕೊಂಡು ಹಾಲು ತರಲು ಹೋಗುವ ನಮ್ಮ ಬೀದಿಯ ಮನುಷ್ಯ ಇವರೇನಾ ಎಂದು ಕಣ್ಣು ಬಿಟ್ಟುಕೊಂಡು ನೋಡಿದೆ. ಅವರು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು, "ಗೇರು ಚೆನ್ನಾಗಿ ಬಿತ್ತು," ಅಂದರು. ಅಷ್ಟೇ.

ಆ ಮನುಷ್ಯನಿಗೆ ಹೆದರಿಕೆ ಅನ್ನುವುದೇ ಗೊತ್ತಿಲ್ಲ ಎಂದು ಇಷ್ಟು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಮೊನ್ನೆ ಬೆಟ್ಟದಿಂದ ಬಂದವಳು ಸೀದಾ ಅವರ ಮನೆಗೆ ಹೋಗಿ, ಅವರ ಹೆಂಡತಿಗೂ ಅದನ್ನೇ ಹೇಳಿದೆ. ಆಕೆ ಕಾಫಿ ಲೋಟ ಕೆಳಗಿಟ್ಟರು.

"ಅವತ್ತು ಮಧ್ಯಾಹ್ನ ಅವರಿಗೆ ಅನ್ನ ಕಲಸೋಕೂ ಆಗ್ಲಿಲ್ಲ ಕಣಮ್ಮ. ಅಷ್ಟು ಕೈ ನಡುಗ್ತಿತ್ತು. ನಾನೇ ತುತ್ತು ಮಾಡಿ ತಿನ್ನಿಸ್ದೆ. 'ನಾನು ನಡುಗಿದ್ದು ಕಂಡಿದ್ರೆ ಆ ಹುಡುಗಿ ಪೆಡಲ್ ಮೇಲಿಂದ ಕಾಲು ಎತ್ಬುಡೋಳು ಕಣೇ' ಅಂತಿದ್ರು."

ಹೆದರಿಕೆಯೇ ಇಲ್ಲದವರಿಗೆ ಥ್ಯಾಂಕ್ಸ್ ಯಾಕೆ ಬೇಕು ಅಂದುಕೊಂಡು, ಅವರಿದ್ದಷ್ಟು ದಿನ ನಾನು ಒಂದು ಸಲವೂ ಹೇಳಿರಲಿಲ್ಲ.