ಕೆಸರುಗಾಡಿಯ ಅಳತೆ ತೆಗೆದ ತಾಮಿಯೆ

ಕತ್ಸುಮಾತಾ ತಾಮಿಯೆಗೆ ನಲವತ್ತೊಂದು ತುಂಬಿದ ವರ್ಷವೇ ಅವಳು ದುಡಿಯುತ್ತಿದ್ದ ಹೆಂಗಸರ ಉಡುಪಿನ ಕಾರ್ಖಾನೆ ಬಾಗಿಲು ಹಾಕಿತು. ಹತ್ತೊಂಬತ್ತು ವರ್ಷ ಅಲ್ಲಿ ಅವಳದು ಒಂದೇ ಕೆಲಸ: ತೋಳು, ಕೊರಳು, ಲಂಗದ ನೆರಿಗೆ ಎಲ್ಲಕ್ಕೂ ಮೊದಲು ಕಾಗದದಲ್ಲಿ ನಮೂನೆ ಕತ್ತರಿಸಿ ಕೊಡುವುದು. ಜಪಾನಿನ ಶಿಜುಓಕಾದಲ್ಲಿ ಕೆಲಸ ಹೋದವರು ಹುಡುಕಿಕೊಂಡು ಹೋಗಲು ಮೂರು ದಾರಿ: ಚಹಾ, ಮೀನು, ಇಲ್ಲವೇ ಬಿಡಿಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಗಾಡಿ, ವಿಮಾನಗಳ ಮಾದರಿ. ಚಹಾದ ಧೂಳಿಗೆ ಅವಳಿಗೆ ಸೀನು ಬರುತ್ತಿತ್ತು, ಮೀನಿನ ವಾಸನೆ ಕಂಡರೆ ಆಗುತ್ತಿರಲಿಲ್ಲ. ಹಾಗಾಗಿ ಮಿನಾಗಿಯವರ ಮಾದರಿ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕೆಲಸಕ್ಕೆ ಸೇರಿಕೊಂಡಳು.

ಅದು ಹನ್ನೊಂದು ಜನರ ಪುಟ್ಟ ಕಾರ್ಖಾನೆ. ಟ್ಯಾಂಕು, ಯುದ್ಧವಿಮಾನಗಳ ಮಾದರಿಯನ್ನೆಲ್ಲ ಊರಿನ ದೊಡ್ಡ ಕಂಪನಿಗಳು ಹಿಡಿದುಕೊಂಡಿದ್ದವು. ಮಾಲೀಕ ಮಿನಾಗಿಗೆ ಉಳಿದದ್ದು ಯಾರಿಗೂ ಬೇಡವಾದ ಗಾಡಿಗಳು. ಬೇಡವಾದವು ಎನ್ನುವುದು ಜನರ ಮಾತು. ಅವನಿಗೆ ಅವುಗಳ ಮೇಲೇ ಪ್ರಾಣ. ಹಿಮ ಗೋರುವ ರೈಲು, ಮೂರು ಚಕ್ರದ ಬೆಂಕಿಯಾರಿಸುವ ಬಂಡಿ, ಬಾಲ ಮುಂದಿರುವ ವಿಮಾನ. ಅಂಗಡಿಯವರು ಡಬ್ಬಿ ನೋಡಿ, "ಮಿನಾಗಿ-ಸಾನ್, ಇದು ನಿಜವಾಗ್ಲೂ ಇತ್ತಾ, ಇಲ್ಲಾ ನೀವೇ ಕನಸು ಕಂಡ್ರಾ?" ಎಂದು ಕೇಳುತ್ತಿದ್ದರು.

ತಾಮಿಯೆ ಹುಟ್ಟಿದಾಗಿನಿಂದ ಒಂದು ಮಾದರಿಯನ್ನೂ ಜೋಡಿಸಿದವಳಲ್ಲ. ಆದರೆ ಡಬ್ಬಿಯೊಳಗೆ ಇಡುವ ಜೋಡಣೆಯ ಹಾಳೆಯನ್ನು ನೋಡಿದ ಎರಡನೇ ವಾರವೇ ಅದನ್ನು ಹಿಡಿದುಕೊಂಡು ಮಾಲೀಕನ ಮೇಜಿಗೆ ಹೋದಳು.

"ಯಜಮಾನ್ರೇ, ಇದರಲ್ಲಿ ಗಾಡಿಯ ಮೈಯನ್ನ ಪೂರ್ತಿ ಮುಚ್ಚಿದ ಮೇಲೆ ಸೀಟು ಕೂರಿಸಿ ಅಂತಿದೆ. ಅಸ್ತರು ಪೂರ್ತಿ ಹೊಲಿದು ಮುಚ್ಚಿದ ಮೇಲೆ ಒಳಜೇಬು ಹಚ್ಚು ಅಂದ್ರೆ ಕೈ ಎಲ್ಲಿ ತೂರಿಸೋದು?"

ಮಿನಾಗಿ ಹಾಳೆಯನ್ನು ತಿರುವಿ ಮುರುವಿ ನೋಡಿ ತಲೆ ಕೆರೆದುಕೊಂಡ. ಗಿರಾಕಿಗಳು ಬೈದು ಬರೆದಿದ್ದ ಹದಿನಾರು ಕಾಗದಗಳು ಅವನ ಡ್ರಾಯರಿನಲ್ಲಿದ್ದವು. ಎಲ್ಲರೂ ಆ ಸೀಟಿನ ಮಾತನ್ನೇ ಬರೆದಿದ್ದರು. ಮರುದಿನದಿಂದ ತಾಮಿಯೆಗೆ ನಕ್ಷೆ ಬರೆಯುವ ಕೋಣೆಯಲ್ಲಿ ಒಂದು ಮೇಜು ಸಿಕ್ಕಿತು.

ಇದು ಸರಿಬೀಳದವನು ಒಬ್ಬನೇ, ಅಚ್ಚು ಮಾಡುವ ಓಯಿಶಿ ತೊಕುಜಿ. ಮೂವತ್ತು ವರ್ಷದಿಂದ ಉಕ್ಕಿನ ದಿಮ್ಮಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಕೊರೆಯುತ್ತ ಬಂದ ಕೈ ಅವನದು. ಸೂಜಿ ಹಿಡಿದವಳೊಬ್ಬಳು ತನ್ನ ಕೆಲಸದಲ್ಲಿ ಮೂಗು ತೂರಿಸುವುದು ಅವನಿಗೆ ಹಿಡಿಸಲಿಲ್ಲ. ಊಟದ ಹೊತ್ತಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಕತ್ಸುಮಾತಾ-ಸಾನ್, ಈ ವಿಮಾನಕ್ಕೆ ಲೇಸ್ ಎಲ್ಲಿ ಹಚ್ಲಿ?" ಎನ್ನುತ್ತಿದ್ದ. ತಾಮಿಯೆ ನಗುತ್ತಿದ್ದಳು. ಬಾಯಿಮಾತಿನಲ್ಲಿ ಅವಳೂ ಕಡಿಮೆಯವಳಲ್ಲ: "ಕೆಳಗಡೆ ಹಚ್ಚಿ ಓಯಿಶಿ-ಸಾನ್. ನಿಮ್ಮ ಹೋಳುಗಳು ಸರಿಯಾಗಿ ಕೂಡದೆ ಉಳಿಯೋ ಸಂದು ಮುಚ್ಚಿಹೋಗುತ್ತೆ."

ಹೀಗಿರುವಾಗ ಒಂದು ಶರತ್ಕಾಲದ ಬೆಳಿಗ್ಗೆ ಮಿನಾಗಿ ಒಂದು ಹಳೆಯ ಫೋಟೋ ತಂದು ಗೋಡೆಗೆ ಅಂಟಿಸಿದ. ದೋಣಿಯಂಥ ಮೈಯ ಗಾಡಿ. ಚಕ್ರವೇ ಇಲ್ಲ. ಎರಡು ಪಕ್ಕದಲ್ಲೂ ಉದ್ದನೆಯ ಡ್ರಮ್ಮು, ಡ್ರಮ್ಮಿನ ಸುತ್ತ ತಿರುಪಿನ ಹಾಗೆ ಸುತ್ತಿಕೊಂಡ ಕಬ್ಬಿಣದ ಪಟ್ಟಿ. ಡ್ರಮ್ಮು ತಿರುಗಿದರೆ ಗಾಡಿ ಕೆಸರನ್ನು ಕೊರೆದುಕೊಂಡು ಮುಂದೆ ಸಾಗುತ್ತದೆ. ಅರಿಯಾಕೆ ಕೊಲ್ಲಿಯಲ್ಲಿ ಸಮುದ್ರ ಹಿಂದೆ ಸರಿದಾಗ ಮೈಲುಗಟ್ಟಲೆ ಕೆಸರು ಬಿಚ್ಚಿಕೊಳ್ಳುತ್ತದಲ್ಲ, ಅದನ್ನು ಅಳೆಯಲು ಯಾವುದೋ ಕಾಲದಲ್ಲಿ ಮಾಡಿಸಿದ ಗಾಡಿ. ಲೋಕದಲ್ಲಿ ಅಂಥದ್ದು ಇದ್ದದ್ದು ಒಂದೇ, ಅದು ಈಗಲೂ ಆ ಕೊಲ್ಲಿಯ ದಡದ ಸಾಗಾದಲ್ಲಿ ಬಿದ್ದಿತ್ತು.

"ಮೇ ತಿಂಗಳ ಮಾದರಿ ಪ್ರದರ್ಶನಕ್ಕೆ ಇದೇ," ಎಂದ ಮಿನಾಗಿ. "ಎರಡು ಪುಟ್ಟ ಮೋಟಾರು ಹಾಕಿ ಓಡೋ ಹಾಗೇ ಮಾಡೋಣ."

ಓಯಿಶಿ ಫೋಟೋವನ್ನು ಬಹಳ ಹೊತ್ತು ನೋಡಿದ. "ಆಗಲ್ಲ," ಎಂದ. "ಡ್ರಮ್ಮು ಬರುತ್ತೆ. ಆ ಸುರುಳಿ ಪಟ್ಟಿ ಅಚ್ಚಿಂದ ಬಿಡಲ್ಲ. ಅಚ್ಚಿನ ಎರಡು ಹೋಳನ್ನ ಬೇರೆ ಮಾಡೋಕೆ ಹೋದ್ರೆ ಪಟ್ಟಿಯ ಓರೆ ಉಕ್ಕಿಗೆ ಕಚ್ಕೊಂಡು ಕಿತ್ತು ಬರುತ್ತೆ. ಚೂರುಚೂರು ಮಾಡಿ ಅಂಟಿಸಿದ್ರೆ ಹೇಗಿರುತ್ತೆ ಗೊತ್ತಾ? ಬಿದ್ದು ಒಡೆದ ಹೂಜಿ ಥರ."

ಓಯಿಶಿ ಆಗಲ್ಲ ಅಂದರೆ ಆಗಲ್ಲ. ಮಿನಾಗಿ ಎರಡು ದಿನ ಮಂಕಾಗಿ ಓಡಾಡಿದ. ಆದರೆ ಸಾಗಾಕ್ಕೆ ಹೋಗಿ ಗಾಡಿಯ ಅಳತೆ ತರಲು ತಾಮಿಯೆಯ ರೈಲು ಟಿಕೀಟು ಆಗಲೇ ಬಂದಿತ್ತು. "ಹೋಗಿ ಬನ್ನಿ ಬಿಡಿ," ಎಂದ. "ಒಂದು ಸಲ ಕಣ್ಣಾರೆ ನೋಡ್ಕೊಂಡಾದ್ರೂ ಬನ್ನಿ."

ಗಾಡಿ ಇದ್ದದ್ದು ಸಮುದ್ರದ ಸೊಪ್ಪು ಒಣಗಿಸುವ ಕೊಟ್ಟಿಗೆಯೊಂದರ ಹಿಂದೆ, ಎದೆಮಟ್ಟದ ಹುಲ್ಲಿನಲ್ಲಿ. ಅದನ್ನು ಓಡಿಸಿದ್ದ ಕುಬೊ ಮಸಾಹೆಯಿ ಎಂಬ ಮುದುಕ ಆ ಕೊಟ್ಟಿಗೆಯ ಯಜಮಾನ. ಕೈಯಲ್ಲಿ ದರ್ಜಿಯ ಟೇಪು ಹಿಡಿದು ಹುಲ್ಲಿಗಿಳಿದ ಹೆಂಗಸನ್ನು ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದ.

"ಏನವ್ವಾ, ಇದಕ್ಕ ಅಂಗಿ ಹೊಲೀತಿಯೇನ?"

"ಹೊಲೀತೀನಿ ಅಜ್ಜ. ಸ್ವಲ್ಪ ಈ ತುದಿ ಹಿಡ್ಕೊಳ್ಳಿ."

ಮುದುಕ ಹಿಡಿದ. ಆಮೇಲೆ ಎರಡು ದಿನ ಆ ತುದಿ ಬಿಡಲಿಲ್ಲ. ಈ ಹಿಡಿಕೆ ಯಾಕೆ, ಆ ತೂತು ಯಾಕೆ ಎಂದೆಲ್ಲ ಹೇಳುತ್ತ ಹೋದ. "ಇದು ನಿಂತು ಹದಿನೇಳು ವರ್ಷ ಆತು, ಒಬ್ರೂ ಕೇಳಿದ್ದಿಲ್ಲ. ಮಗಾ ಇದನ್ನ ಗುಜರಿಗೆ ಹಾಕೂಣು ಅಂತಾನ. ನಾನಿರೂ ತನಕಾ ಮುಟ್ಟಬ್ಯಾಡ ಅಂತ ಅಂದೇನಿ."

ಎರಡನೇ ದಿನ ಮಧ್ಯಾಹ್ನ ತಾಮಿಯೆ ಸುರುಳಿ ಪಟ್ಟಿಯ ಅಂಚಿನ ಮೇಲೆ ಬೆರಳಾಡಿಸಿಕೊಂಡು ಹೋಗುತ್ತಿದ್ದಳು. ತುಕ್ಕಿನ ಕೆಳಗೆ ಒಂದು ಉಬ್ಬು ಬೆರಳಿಗೆ ತಾಗಿತು. ಬೆಸುಗೆ. ಒಂದು ಸುತ್ತು ಮುಂದೆ ಹೋದರೆ ಇನ್ನೊಂದು. ಮತ್ತೆ ಒಂದು ಸುತ್ತು, ಮತ್ತೆ ಬೆಸುಗೆ. ಅವಳು ಹುಲ್ಲಿನಲ್ಲೇ ಕೂತುಬಿಟ್ಟಳು.

ಇಷ್ಟುದ್ದದ ಪಟ್ಟಿಯನ್ನು ಯಾರೂ ಒಂದೇ ಸಲಕ್ಕೆ ಸುತ್ತಿರಲಿಲ್ಲ. ಚಪ್ಪಟೆ ತಗಡಿನಲ್ಲಿ ಬಳೆಯಂತೆ ಕತ್ತರಿಸಿ, ಬಳೆ ಬಿಚ್ಚಿಕೊಳ್ಳುವ ಹಾಗೆ ಒಂದು ಕಡೆ ಪೂರ್ತಿ ಕಚ್ಚು ಹಾಕಿ, ಎರಡು ತುದಿಯನ್ನೂ ಎಳೆದು ಅಗಲಿಸಿದ್ದರು. ಬಳೆ ಸುರುಳಿಯಾಗಿತ್ತು. ಹೆಂಗಸರ ಕುಪ್ಪಸದ ಮುಂದೆ ಅಲೆಯಲೆಯಾಗಿ ಇಳಿಬೀಳುವ ಫ್ರಿಲ್ಲನ್ನು ಅವಳು ಸಾವಿರ ಸಲ ಹೀಗೆಯೇ ಕತ್ತರಿಸಿದ್ದಳು. ಕತ್ತರಿಸುವಾಗ ಚಪ್ಪಟೆ ಬಳೆ, ಬಿಡಿಸಿ ಹೊಲಿದಾಗ ಸುರುಳಿ. ಚಪ್ಪಟೆಯಾದದ್ದು ಯಾವ ಅಚ್ಚಿನಿಂದಲೂ ಸಲೀಸಾಗಿ ಬರುತ್ತದೆ!

"ಯಾಕವ್ವಾ, ತಲಿ ತಿರುಗ್ತೇನು? ನೀರು ತರ್ಲೇನು?" ಎಂದು ಕುಬೊ ಗಾಬರಿಯಾದ. ತಾಮಿಯೆ ಬಿದ್ದು ಬಿದ್ದು ನಗುತ್ತಿದ್ದಳು.

ಕಾರ್ಖಾನೆಗೆ ಮರಳಿದ ದಿನ ಊಟದ ಮೇಜಿನ ಮೇಲೆ ಅವಳು ಏನನ್ನೂ ವಿವರಿಸಲು ಹೋಗಲಿಲ್ಲ. ಚಹಾ ಪೊಟ್ಟಣದ ದಪ್ಪ ಕಾಗದದಲ್ಲಿ ಐದು ಬಳೆ ಕತ್ತರಿಸಿದಳು. ಒಂದೊಂದಕ್ಕೂ ಕಚ್ಚು ಹಾಕಿ, ತುದಿಗೆ ತುದಿ ಅಂಟಿಸಿ, ಎಳೆದು, ಚಹಾದ ಡಬ್ಬಿಯ ಸುತ್ತ ಕೂರಿಸಿದಳು. ಡಬ್ಬಿಯ ಮೈತುಂಬ ಸುರುಳಿ ಹತ್ತಿಕೊಂಡು ಹೋಯಿತು. ಮೇಜಿನ ಸುತ್ತ ಕೂತಿದ್ದವರ ಕೈಯಲ್ಲಿ ತಿನ್ನುವ ಕಡ್ಡಿಗಳು ಹಾಗೇ ನಿಂತವು. ಓಯಿಶಿ ಡಬ್ಬಿಯನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡ.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು.

"ಬಳೆಯ ಒಳಸುತ್ತು ಡ್ರಮ್ಮಿನ ಸುತ್ತಳತೆಯಷ್ಟೇ ಇಟ್ರೆ ಸಾಲಲ್ಲ, ಅಲ್ವಾ?"

"ಸಾಲಲ್ಲ. ಅದು ಸುತ್ತೋದಷ್ಟೇ ಅಲ್ಲ, ಮುಂದಕ್ಕೂ ಹೋಗ್ಬೇಕಲ್ಲ. ಅದಕ್ಕೆ ಬಟ್ಟೆ ಬಿಡ್ಬೇಕು."

"ಎಷ್ಟು ಬಿಡ್ಬೇಕು?"

"ಬರ್ಕೊಡ್ತೀನಿ," ಎಂದಳು ತಾಮಿಯೆ. ಅವನು ತನ್ನ ಕೋಣೆಯ ಒಂದೇ ಕುರ್ಚಿಯನ್ನು ಅವಳ ಕಡೆ ತಳ್ಳಿ ತಾನು ನಿಂತುಕೊಂಡ.

ಕೆಲಸ ಸುಲಭವಾಗೇನೂ ಆಗಲಿಲ್ಲ. ಮೊದಲ ಅಚ್ಚಿನ ಬಳೆಗಳು ಎಳೆದ ಕೂಡಲೇ ಪಟಪಟನೆ ಮುರಿದವು. ಎರಡನೆಯವು ಮುರಿಯಲಿಲ್ಲ, ಆದರೆ ಸೆಟೆದುಕೊಂಡು ಡ್ರಮ್ಮಿನಿಂದ ಎದ್ದು ಬಂದವು. ಓಯಿಶಿ ಡ್ರಮ್ಮಿನ ಮೇಲೆ ಪಟ್ಟಿ ಕೂರಲು ಒಂದು ಸಣ್ಣ ಕಾಲುವೆ ಕೊರೆದ, ಬಳೆಯನ್ನು ಇನ್ನಷ್ಟು ತೆಳ್ಳಗೆ ಮಾಡಿದ. ತಾಮಿಯೆ ಜೋಡಣೆಯ ಹಾಳೆಯಲ್ಲಿ ಒಂದು ಸಾಲು ಸೇರಿಸಿದಳು: ಬಳೆಗಳನ್ನು ಈಗಷ್ಟೇ ಕುದಿದ ನೀರಿನಲ್ಲಿ ಅದ್ದಿ, ಚಿಮಟದಿಂದ ಎತ್ತಿ, ಬಿಸಿ ಆರುವ ಮೊದಲು ಎಳೆಯಿರಿ. ಡಬ್ಬಿ ತುಂಬುವ ನಾಲ್ವರು ಹೆಂಗಸರನ್ನು ಕರೆದು, ಬರೀ ಹಾಳೆ ಕೊಟ್ಟು ಮಾಡಿಸಿ ನೋಡಿದಳು. ನಾಲ್ಕು ಗಾಡಿಯೂ ಎದ್ದು ನಿಂತವು.

ಮೇ ತಿಂಗಳು ಬಂತು. ದೊಡ್ಡ ಕಂಪನಿಗಳ ದೀಪದ ಮಂಟಪಗಳ ನಡುವೆ ಮಿನಾಗಿಯವರದು ಗೋಡೆಯ ಬದಿಯ ಒಂದು ಮೇಜು. ಅದರ ಮೇಲೆ ತಗಡಿನ ತಟ್ಟೆ, ತಟ್ಟೆಯ ತುಂಬ ಗದ್ದೆಯ ಕೆಸರು. ತಾಮಿಯೆ ತಂತಿಯ ತುದಿಯಲ್ಲಿದ್ದ ಎರಡು ಗುಂಡಿಯ ಪೆಟ್ಟಿಗೆ ಹಿಡಿದು ಗಾಡಿ ಬಿಟ್ಟಳು. ಅಂಗೈಯುದ್ದದ ಗಾಡಿ ಕೆಸರು ಕೊರೆಯುತ್ತ, ಹಿಂದೆ ಎರಡು ಸಾಲು ಎಳೆಯುತ್ತ ನೆಟ್ಟಗೆ ಹೊರಟಿತು. ಮೊದಲು ಮೂವರು ನಿಂತರು. ಹನ್ನೊಂದು ಗಂಟೆಯ ಹೊತ್ತಿಗೆ ಮೇಜಿನ ಬಳಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ಕಂಪನಿಯ ನಕ್ಷೆಗಾರರು ಹೆಸರು ಕಾಣದ ಹಾಗೆ ಕೊರಳಿನ ಚೀಟಿ ತಿರುಗಿಸಿಕೊಂಡು ಬಂದು ಬಗ್ಗಿ ನೋಡುತ್ತಿದ್ದರು. ಒಬ್ಬ ತಡೆಯಲಾರದೆ ಓಯಿಶಿಯನ್ನು ಕೇಳಿಯೇಬಿಟ್ಟ: "ಈ ಸುರುಳಿ ಅಚ್ಚಿಂದ ಹೇಗೆ ಬಿಡಿಸಿದ್ರಿ, ಗುರುಗಳೇ?"

"ನನ್ನ ಕೇಳ್ಬೇಡಿ," ಎಂದ ಓಯಿಶಿ. ಸುತ್ತ ಇದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿತ್ತು ಅವನ ದನಿ. "ನಾನು ಆಗಲ್ಲ ಅಂದೋನು. ಇಗೋ, ಇವರು ಮಾಡಿದ್ದು. ಕತ್ಸುಮಾತಾ-ಸಾನ್."

ಅಷ್ಟರಲ್ಲಿ ಜನರನ್ನು ಸೀಳಿಕೊಂಡು ಒಬ್ಬ ಮುದುಕ ಬಂದ. ಮದುವೆಗೆ ಹೊಲಿಸಿದ್ದಿರಬೇಕು, ಹಳೆಯ ಕೋಟು ಹಾಕಿದ್ದ. ಕುಬೊ! ಸಾಗಾದಿಂದ ಹಿಂದಿನ ರಾತ್ರಿಯೇ ರೈಲು ಹತ್ತಿ ಬಂದಿದ್ದ. ಕೆಸರಿನಲ್ಲಿ ಓಡುತ್ತಿದ್ದ ಗಾಡಿಯನ್ನು ಅವನು ಬಾಗಿ ನೋಡಿದ, ಆಮೇಲೆ ಕೈಚಾಚಿದ. "ಕೊಡವ್ವಾ ಇಲ್ಲೆ."

ಪೆಟ್ಟಿಗೆ ತೆಗೆದುಕೊಂಡವನು ಗಾಡಿಯನ್ನು ಕೆಸರಿನಿಂದ ಎತ್ತಿ ಬರೀ ಮೇಜಿನ ಮೇಲಿಟ್ಟ.

"ಅಜ್ಜ, ಗಟ್ಟಿ ನೆಲದ ಮೇಲೆ ಅದು ಹೋಗಲ್ಲ!" ಎಂದು ಮಿನಾಗಿ ಓಡಿ ಬಂದ.

"ನನಗ ಹೇಳ್ತೀಯೇನಪಾ?" ಎಂದ ಕುಬೊ. ಒಂದು ಡ್ರಮ್ಮಿನ ಗುಂಡಿಯನ್ನು ಮುಂದಕ್ಕೆ, ಇನ್ನೊಂದರದನ್ನು ಹಿಂದಕ್ಕೆ ತಳ್ಳಿದ. ಗಾಡಿ ಒಮ್ಮೆ ನಡುಗಿತು. ಆಮೇಲೆ ಏಡಿಯ ಹಾಗೆ ಪಕ್ಕಕ್ಕೆ, ಅಡ್ಡಡ್ಡಲಾಗಿ, ಮೇಜಿನ ಈ ತುದಿಯಿಂದ ಆ ತುದಿಗೆ ಉರುಳಿಕೊಂಡು ಹೋಯಿತು.

ನೆರೆದವರೆಲ್ಲ ಹೋ ಎಂದರು. ಅದನ್ನು ಮಾಡಿದ ಹನ್ನೊಂದು ಜನರಿಗೂ ಅದು ಹೀಗೆ ಹೋಗುತ್ತದೆಂದು ಗೊತ್ತಿರಲಿಲ್ಲ. ನಿಜದ ಗಾಡಿ ಏನೇನು ಮಾಡುತ್ತಿತ್ತೋ ಅದನ್ನು ಈ ಪುಟ್ಟ ಗಾಡಿ ಯಾರೂ ಕಲಿಸದೆ ಮಾಡಿತ್ತು, ಅಷ್ಟು ಸರಿಯಾಗಿತ್ತು ಅಳತೆ. ಕುಬೊ ಗಾಡಿಯನ್ನು ಅಡ್ಡಡ್ಡ ಓಡಿಸುತ್ತಲೇ ಇದ್ದ. "ಅದ ಐತಿ," ಎನ್ನುತ್ತಿದ್ದ, "ಅದ ಐತಿ ನೋಡ್ರಿ!" ತಾಮಿಯೆ ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಕೆಸರು ಬಳಿದುಕೊಂಡಳು. ಓಯಿಶಿ ತನ್ನ ಕರವಸ್ತ್ರ ಕೊಟ್ಟ.

ತಂದಿದ್ದ ಡಬ್ಬಿಗಳು ಮಧ್ಯಾಹ್ನದೊಳಗೆ ಮುಗಿದವು. ಮಾರನೆಯ ದಿನ ಬಾಗಿಲು ತೆರೆಯುವ ಮುಂಚೆಯೇ ಹುಡುಗಿಯರು, ಮೇಷ್ಟ್ರುಗಳು, ಮೀನುಗಾರರು, ಬ್ಯಾಂಕಿನ ಗುಮಾಸ್ತರು ಸಾಲು ನಿಂತಿದ್ದರು. ಆ ವರ್ಷ ಕೆಸರುಗಾಡಿಯನ್ನು ಒಂಬತ್ತು ಸಲ ಹೊಸದಾಗಿ ಅಚ್ಚಿಗೆ ಹೊಯ್ಯಬೇಕಾಯಿತು. ಕನಸು ಕಂಡ್ರಾ ಎಂದು ಕೇಳುತ್ತಿದ್ದ ಅಂಗಡಿಯವರು ಈಗ, "ಮುಂದಿನ ವಿಚಿತ್ರ ಯಾವುದು?" ಎಂದು ಫೋನು ಮಾಡತೊಡಗಿದರು.

ಮುಂದಿನ ಇಪ್ಪತ್ತಾರು ವರ್ಷಗಳಲ್ಲಿ ತಾಮಿಯೆ ಇಪ್ಪತ್ತಮೂರು ಗಾಡಿ, ವಿಮಾನಗಳ ನಕ್ಷೆ ಮಾಡಿದಳು. ಡಬ್ಬಿಯ ಪಕ್ಕದಲ್ಲಿ ಅಳತೆ ತೆಗೆದವರು ಎಂದು ಅವಳ ಹೆಸರು ಅಚ್ಚಾಗುತ್ತಿತ್ತು. ಹಾಗಾಗಿ ಎಲ್ಲೆಲ್ಲಿಂದಲೋ ಅವಳ ಹೆಸರಿಗೇ ಕಾಗದಗಳು ಬರುತ್ತಿದ್ದವು. ಒಂದು ಸಲ ಉತ್ತರದ ಹಿಮದ ಊರಿನಿಂದ ಅಂಚೆಮನೆಯ ಹೆಂಗಸೊಬ್ಬಳು ಬರೆದಿದ್ದಳು: ನಮ್ಮಲ್ಲಿ ವಿಮಾನದ ಪಂಖ ಹಿಂದೆ ಕಟ್ಟಿಕೊಂಡು ಹಿಮದ ಮೇಲೆ ಟಪಾಲು ಒಯ್ಯುತ್ತಿದ್ದ ಜಾರುಗಾಡಿ ಇದೆ. ಮುಂದಿನ ಸೋಮವಾರ ಅದನ್ನು ಒಡೆಯಲು ಜನ ಬರುತ್ತಾರೆ. ಶಿಜುಓಕಾದಿಂದ ಕತ್ಸುಮಾತಾ-ಸಾನ್ ಅಳತೆ ತೆಗೆಯಲು ಬರುತ್ತಿದ್ದಾರೆ ಎಂದು ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ, ದಯವಿಟ್ಟು ಬನ್ನಿ.

ತಾಮಿಯೆ ಭಾನುವಾರವೇ ಹೋಗಿ ಇಳಿದಳು. ಸೋಮವಾರ ಗುಜರಿಯವರು ಬಂದಾಗ ಅವಳು ಟೇಪು ಹಿಡಿದು ಜಾರುಗಾಡಿಯ ಒಳಗೆ ಮೊಣಕಾಲೂರಿ ಕೂತಿದ್ದಳು, ಸುತ್ತ ಅರ್ಧ ಊರೇ ನಿಂತಿತ್ತು. ಗುಜರಿಯವರು ಟೋಪಿ ತೆಗೆದು, ನೋಡಿ, ಖಾಲಿ ಲಾರಿ ತೆಗೆದುಕೊಂಡು ಹಿಂದಿರುಗಿದರು. ಆ ಜಾರುಗಾಡಿ ಈಗ ಊರಿನ ಅಂಚೆಮನೆಯ ಪಕ್ಕ, ಸೂರಿನ ಕೆಳಗೆ, ಕೆಂಪು ಬಣ್ಣ ಬಳಿಸಿಕೊಂಡು ನಿಂತಿದೆ.