ಮೂರು ಪಂಪು, ಒಂದು ಒರತೆ

ಏಪ್ರಿಲ್ ೨೧, ಗುರುವಾರ. ಬೆಳಿಗ್ಗೆ ಐದೂ ಕಾಲು. ಪಂಪಿನ ಸದ್ದಿಗೆ ಎಚ್ಚರವಾಯಿತು.

ಹಿಂದಿನ ಸಂಜೆಯಷ್ಟೇ ಬಿಜೈಯ ನಮ್ಮ ಓಣಿಯ ಮೂರು ಮನೆಯವರು ಕೂತು ಮಾತಾಡಿಕೊಂಡಿದ್ದೆವು. ಮಳೆ ಬರುವವರೆಗೆ ಯಾರೂ ಪಂಪು ಹಾಕುವಂತಿಲ್ಲ. ಕೊಡದಲ್ಲಿ ಸೇದಿದಷ್ಟೇ ನೀರು. ಬಾವಿ ಮನೆಗೊಂದಿದ್ದರೂ ಅಡಿಯ ಒರತೆ ಓಣಿಗೆಲ್ಲ ಒಂದೇ. ಹಾಗಾದರೆ ಮಾತು ಮುರಿದವರು ಯಾರು? ಎದುರುಮನೆಯ ಶೇಷಪ್ಪಣ್ಣನೇ? ಪಕ್ಕದ ಹೋಟೆಲಿನ ಶೆಟ್ರೇ?

ಹಿತ್ತಲಿಗೆ ಹೋಗಿ ನೋಡಿದೆ. ಓಡುತ್ತಿದ್ದದ್ದು ನಮ್ಮದೇ ಪಂಪು. ಪಕ್ಕದಲ್ಲಿ ಅಮ್ಮ ನಿಂತಿದ್ದಳು.

"ಅವರು ಹಾಕದೆ ಇರ್ತಾರಾ? ಅವರು ಹಾಕಿದ ಮೇಲೆ ನಮಗೆಂತ ಉಂಟು, ಕೆಸರಾ?"

ನಾನು ಬಲ್ಮಠದ ಕಾಲೇಜೊಂದರಲ್ಲಿ ಎಕನಾಮಿಕ್ಸ್ ಕಲಿಸುವವನು. ಗೇಮ್ ಥಿಯರಿ ಎಂಬುದೊಂದಿದೆ (ಹೆಸರಿಗೆ ಆಟ, ಗೆಲ್ಲುವವರು ಕಡಿಮೆ). ಅದನ್ನು ನಮ್ಮ ಬಾವಿಗೆ ಇಳಿಸಿದರೆ ಇಷ್ಟೇ: ಉಳಿದವರು ಸುಮ್ಮನಿದ್ದರೆ, ಪಂಪು ಹಾಕಿದ ನನಗೆ ಲಾಭ. ಉಳಿದವರು ಹಾಕಿದರೆ, ಸುಮ್ಮನಿದ್ದ ನಾನು ಪೆದ್ದ. ಹೇಗೆ ನೋಡಿದರೂ ಸ್ವಿಚ್ಚು ಒತ್ತುವುದೇ ಜಾಣತನ. ಮೂವರೂ ಜಾಣರಾದರೆ ಒರತೆ ಖಾಲಿ. ಇದರಲ್ಲಿ ಕೆಟ್ಟವರು ಯಾರು? ಯಾರೂ ಅಲ್ಲ.

ಸರಕಾರವೂ ಅಲ್ಲ. ತೆಂಗು ಬೆಳೆಯಲಿ ಎಂದು ಅದು ಪಂಪಿಗೆ ಸಬ್ಸಿಡಿ ಕೊಟ್ಟಿತು. ಕರೆಂಟಿಗೆ ಮೀಟರಿಲ್ಲ, ಪಂಪಿನ ಹಾರ್ಸ್ ಪವರ್ ನೋಡಿ ಬಿಲ್ಲು. ಒಂದು ಗಳಿಗೆ ಓಡಿಸಿದರೂ ದಿನವಿಡೀ ಓಡಿಸಿದರೂ ಅಷ್ಟೇ. ಆರಿಸಬೇಕೆಂದು ಯಾರಿಗೆ ತೋಚೀತು? ಪ್ರತಿ ಭಾನುವಾರ ಬಾವಿಯ ಮಟ್ಟವನ್ನು ಡೈರಿಯಲ್ಲಿ ಬರೆಯುವುದು ನನ್ನ ಅಭ್ಯಾಸ. ಪಂಪು ಒಂದೇ ಇದ್ದಾಗ ಮೇ ಕೊನೆಗೆ ಕಾಣುತ್ತಿದ್ದ ತಳ, ಮೂರಾದ ಮೇಲೆ ಏಪ್ರಿಲಿಗೇ ಕಾಣುತ್ತಿದೆ.

ಓಣಿಯ ಕೊನೆಯಲ್ಲಿ ನಾಲ್ಕನೆಯ ಮನೆಯೊಂದುಂಟು, ಜಲಜಕ್ಕನದು. ಅಲ್ಲಿ ಪಂಪಿಲ್ಲ, ರಾಟೆ ಮಾತ್ರ. ಮಗಳು ವಸಂತಿ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಹೆರಿಗೆಯಾದ ಮೇಲೆ ಬಾಣಂತಿಗೆ ದಿನಾ ಹಂಡೆ ತುಂಬ ಬಿಸಿನೀರು ಬೇಕು. ಮಗುವಿಗೆ, ಬಟ್ಟೆಗೆ ಬೇರೆ. ಜಲಜಕ್ಕನ ಕೊಡದಲ್ಲಿ ಬರುತ್ತಿದ್ದದ್ದು ಕೆಂಪು ನೀರು. ಕೊಟ್ಟಾರದ ಬೀಗರು ಆಗಲೇ ಹೇಳಿ ಕಳಿಸಿದ್ದರು, ನೀರಿಲ್ಲದಿದ್ದರೆ ಸೊಸೆಯನ್ನು ನಾವೇ ಕರೆದುಕೊಂಡು ಹೋಗುತ್ತೇವೆ ಎಂದು. ಮೊದಲ ಬಾಣಂತನ ತವರಿನಲ್ಲಿ ಆಗದಿದ್ದರೆ ತಾಯಿ ತಲೆಯೆತ್ತುವುದು ಹೇಗೆ? ನಾವು ಒಪ್ಪಂದಕ್ಕೆ ಕೂತದ್ದೇ ಈ ಕಾರಣಕ್ಕೆ.

ಅಮ್ಮನ ಪಂಪಿನ ಸದ್ದು ಓಣಿಗೆಲ್ಲ ಕೇಳಿಸಿತ್ತು. ಬೆಳಗಾಗುತ್ತಲೇ ಶೇಷಪ್ಪಣ್ಣ ಬಂದರು.

"ಮಾಸ್ಟ್ರ ಲೆಕ್ಕ ಮಾಸ್ಟ್ರ ಮನೆಯಲ್ಲೇ ತಪ್ಪಿತಲ್ಲ ಮಾರಾಯ್ರೆ. ಇನ್ನು ಬಾಯಿಮಾತು ಬೇಡ. ಮೂರು ಪಂಪಿನ ಫ್ಯೂಸನ್ನೂ ಕಿತ್ತು ಜಲಜಕ್ಕನ ಹತ್ರ ಇಡುವ. ಬೇಕಾದವರು ಅವರನ್ನೇ ಕೇಳಿ ತರ್ಲಿ."

ತಮಾಷೆಗೆ ಹೇಳಿದರೋ ಏನೋ, ಶೆಟ್ರು ಮೊದಲು ತಂದುಕೊಟ್ಟರು. ಜಲಜಕ್ಕನ ಅಡುಗೆಮನೆಯ ಗೂಡಿನಲ್ಲಿ ಮೂರು ಬಿಳಿ ಪಿಂಗಾಣಿ ಫ್ಯೂಸುಗಳು ಸಾಲಾಗಿ ಕೂತವು.

ನಾಲ್ಕು ದಿನ ಕಳೆದಿರಬೇಕು. ಅಮ್ಮನಿಗೆ ತಡೆಯಲಾಗಲಿಲ್ಲ, ಸೇದಿ ಸೇದಿ ಕೈ ಸೋತಿತ್ತು. ಫ್ಯೂಸು ತರುತ್ತೇನೆಂದು ಹೋದವಳು ತಿರುಗಿ ಬಂದದ್ದು ಬರಿಗೈಯಲ್ಲಿ.

"ಕೊಡ್ಲಿಲ್ಲವಾ?"

"ಕೇಳಿದ್ರೆ ತಾನೆ ಕೊಡುದು. ಆ ಹುಡುಗಿ ಬಾಗಿಲಲ್ಲೇ ಕೂತಿತ್ತು, ಕಾಲು ಬಾತುಕೊಂಡು. ನೀರು ಹೇಗುಂಟು ಅಂತ ವಿಚಾರಿಸಿ ಬಂದೆ."

ನನ್ನ ಥಿಯರಿಯ ಆಟಗಾರರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನಮ್ಮ ಓಣಿಯಲ್ಲಿ ಸ್ವಿಚ್ಚು ಒತ್ತುವ ಮೊದಲು ಒಂದು ಮುಖ ನೋಡಲೇಬೇಕು. ನಿಯಮ ಬದಲಾದದ್ದು ಅಷ್ಟೇ. ಆಟವೇ ಬದಲಾಯಿತು.

ಮೇ ಎರಡನೇ ವಾರ ವಸಂತಿಗೆ ಗಂಡುಮಗು. ಹಂಡೆ ದಿನವೂ ತುಂಬುತ್ತಿದೆ. ಬೀಗರು ಮಗುವನ್ನು ನೋಡಿ, ಊಟ ಮಾಡಿ, ಸೊಸೆಯನ್ನು ಇಲ್ಲೇ ಬಿಟ್ಟು ಹೋದರು.

ಮೊನ್ನೆ ಸಬ್ಸಿಡಿ ಪಂಪುಗಳ ತಪಾಸಣೆಗೆ ಒಬ್ಬರು ಬಂದಿದ್ದರು. ಫ್ಯೂಸಿಲ್ಲದ ಪಂಪು ನೋಡಿ ಅವರಿಗೆ ಕಸಿವಿಸಿ. ಓಡದ ಪಂಪಿಗೆ ಸಬ್ಸಿಡಿ ಎಂತಕ್ಕೆ ಎಂದು ಮೆಲ್ಲನೆ ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ನನ್ನದೂ ಒಂದುಂಟು: ಬಾವಿಯಲ್ಲಿ ನೀರು ಉಳಿಸಿದವರಿಗೆ ಕೊಡುವ ಸಬ್ಸಿಡಿ ಯಾವ ಇಲಾಖೆಯಲ್ಲಿ ಸಿಗುತ್ತದೆ? ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ.