ಮೇಲೆ, ಕೀಳೆ: ಷಡಕ್ಷರಿ ಮೇಷ್ಟ್ರ ನಾಲ್ಕಕ್ಷರದ ಪಾಠ

ಕೊಳ್ಳೇಗಾಲದಲ್ಲಿ ಮಗ್ಗ ಬಲ್ಲವರಿಗೆ ಬರವಿಲ್ಲ. ಆದರೆ ರೇಷ್ಮೆ ಸೀರೆಯ ಕುಶಲಿಗಳ ಈ ಊರಿನಲ್ಲಿ, ಮೇಜಿನ ಮೇಲೆ ಕೂರುವಷ್ಟು ಪುಟ್ಟ ಮಗ್ಗಕ್ಕೆ ಒಂದರ ಹಿಂದೊಂದು ಮೂರು ಹಣಿಗೆ ಕಟ್ಟಿ, ರೇಷ್ಮೆಗೂಡಿನ ಕಸರಿನಿಂದ ನೂತ ಒರಟು ನೂಲಿನಲ್ಲಿ ಓರೆಗೆರೆಯ ಟ್ವಿಲ್ ಬಟ್ಟೆಯನ್ನು ನೇಯಿಸಿ, ಆ ವಿದ್ಯೆಯನ್ನು ಹನೂರು, ಯಳಂದೂರುಗಳ ಹೆಣ್ಣುಮಕ್ಕಳ ಕೈಗೆ ದಾಟಿಸಿದವರು ಯಾರೆಂದು ಕೇಳಿದರೆ, ಈ ತಿಂಗಳು ನಮ್ಮ ನೇಯ್ಗೆ ತರಬೇತಿ ಕೇಂದ್ರದಿಂದ ನಿವೃತ್ತರಾಗುತ್ತಿರುವ ಪೂಜ್ಯ ಶ್ರೀ ಷಡಕ್ಷರಿಯವರೊಬ್ಬರ ಹೆಸರನ್ನೇ ಹೇಳಬೇಕು. ಹೆಸರಿನಲ್ಲಿ ಆರಕ್ಷರ ಹೊತ್ತವರ ಪಾಠ ಮಾತ್ರ ನಾಲ್ಕೇ ಅಕ್ಷರದ್ದು: ಮೇಲೆ, ಕೀಳೆ. ಅಭಿನಂದನ ಗ್ರಂಥದ ಸಂಪಾದಕರು ನನ್ನಿಂದ ಹಾಸ್ಯಲೇಖನವನ್ನು ಬಯಸಿದ್ದಾರೆ. ನಾನು ಬರೆಯುತ್ತಿರುವುದು ನಡೆದ ಸಂಗತಿ, ನೇಯ್ದ ಸಂಗತಿಯಲ್ಲ. ಅದರಲ್ಲಿ ನಗು ಬಹಳ ತಡವಾಗಿ ಬರುತ್ತದೆ.

ಹಣಿಗೆಯೆಂದರೆ ದೊಡ್ಡ ಬಾಚಣಿಗೆಯಂಥ ಪಟ್ಟಿ. ಹಲ್ಲಿನಲ್ಲಿ ತೂತು, ಹಲ್ಲುಗಳ ನಡುವೆ ಸಂದು. ತೂತಿನಲ್ಲಿ ಪೋಣಿಸಿದ ಎಳೆ ಹಣಿಗೆಯೊಡನೆ ಏಳುತ್ತದೆ, ಇಳಿಯುತ್ತದೆ; ಸಂದಿನ ಎಳೆ ತನ್ನ ಪಾಡಿಗೆ ತಾನಿರುತ್ತದೆ. ಒಂದೇ ಹಣಿಗೆಯಾದರೆ ಸಾದಾ ಬಟ್ಟೆ. ಮೂರನ್ನು ಒಂದು, ಎರಡು, ಮೂರು ಎಂದು ಸರದಿಯಲ್ಲಿ ಎತ್ತಿ ಲಾಳಿ ತೂರಿದರೆ ಪ್ರತಿ ಸಾಲಿಗೂ ಗೆರೆ ಒಂದೆಳೆಯಷ್ಟು ಪಕ್ಕಕ್ಕೆ ಸರಿದು, ಬಟ್ಟೆಯ ಉದ್ದಕ್ಕೂ ಓರೆಯಾಗಿ ಹರಿಯುತ್ತದೆ. ಸರದಿ ಹಿಂದುಮುಂದಾದರೆ ಗೆರೆ ಅಲ್ಲೇ ತಿರುಗಿ ನಿಲ್ಲುತ್ತದೆ. ಈ ಮಾತನ್ನು ಓದುಗರು ನೆನಪಿಡಬೇಕು.

೧೯೫೬ರ ನವೆಂಬರಿನಲ್ಲಿ ಕೊಳ್ಳೇಗಾಲ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದಾಗ ಕಚೇರಿಯ ಕಾಗದಗಳ ಭಾಷೆ ಬದಲಾಯಿತು; ಕೊಯಮತ್ತೂರಿನಲ್ಲಿ ಮಗ್ಗ ಕಲಿತುಬಂದ ಮೇಷ್ಟ್ರ ಕೂಗು ಬದಲಾಗಲಿಲ್ಲ. ಮರುವರ್ಷ ಯಳಂದೂರಿನಿಂದ ಬಂದ ಮೊದಲ ವಿದ್ಯಾರ್ಥಿನಿ ಪುಟ್ಟಮಾದಮ್ಮನವರು ತಮಿಳಿನ ಗಾಳಿ ಸೋಕದೆ ಬೆಳೆದವರು. ಮೇಷ್ಟ್ರು ಎಂದಿನಂತೆ "ಒಂದು ಮೇಲೆ, ಮಿಕ್ಕದ್ದು ಕೀಳೆ!" ಎಂದು ಕೂಗಿದರು. ತಮಿಳಿನ ಕೀಳೆಗೆ ಕೆಳಗೆ ಎಂದರ್ಥ. ಆಕೆ ತಮ್ಮ ಕನ್ನಡದ ಕಿವಿಯಲ್ಲಿ ಕೇಳಿ, ಮಿಕ್ಕ ಎರಡು ಹಣಿಗೆಗಳ ಎಳೆಗಳನ್ನು ಕಳೆ ಕೀಳುವ ಹಾಗೆ ಕಿತ್ತು ಗುಡ್ಡೆ ಹಾಕಿದರು.

"ಅಯ್ಯಯ್ಯೋ, ಏನವ್ವಾ ಮಾಡ್ಬುಟ್ಟೆ?"

"ನೀವೇ ಕೀಳೇ ಅಂದ್ರಲ್ಲ ಸಾ, ಕಿತ್ತೆ. ಇನ್ನೊಸಿ ಅದೆ, ಅದ್ನೂ ಕೀಳ್ಲಾ?"

ಮೇಷ್ಟ್ರು ಬೈಯಲಿಲ್ಲ. ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಿತ್ತ ಎಳೆಗಳಷ್ಟನ್ನೂ ಒಂದೊಂದಾಗಿ ತಾವೇ ಪೋಣಿಸಿ, ಮೊದಲ ದಿನವೇ ಮನೆಗೆ ಅಳುತ್ತ ಹೋಗಬೇಕಾಗಿದ್ದ ಹೆಣ್ಣುಮಗಳನ್ನು ಒಂದು ಗೇಣು ಬಟ್ಟೆ ನೇಯಿಸಿಯೇ ಕಳಿಸಿದರು. ಆಮೇಲೆ ಅದೇ ಪುಟ್ಟಮಾದಮ್ಮನವರು ಕೇಂದ್ರದ ಹಿರಿಯ ನೇಕಾರರಾದರು. "ಕೀಳೆ" ಎಂಬ ಮಾತು ಕೇಂದ್ರದ ಸ್ವಂತ ಕನ್ನಡವಾಯಿತು.

ನಾನು ಸಹಾಯಕ ಬೋಧಕನಾಗಿ ಬಂದದ್ದು ೧೯೬೩ರಲ್ಲಿ. ಮೈಸೂರಿನಲ್ಲಿ ಬಿ.ಎ. ಮುಗಿಸಿದ್ದ ನನಗೆ ಮಗ್ಗ ಬರುತ್ತಿರಲಿಲ್ಲ, ಗಂಟಲು ಬರುತ್ತಿತ್ತು. ಅಮಲ್ದಾರರ ಕೆಮ್ಮು, ಬಸ್ ಕಂಡಕ್ಟರರ ಕೂಗು, ಮೇಷ್ಟ್ರ "ಮೇಲೆ, ಕೀಳೆ" ಎಲ್ಲವನ್ನೂ ಅನುಕರಿಸಿ ಹೊಟ್ಟೆ ಹುಣ್ಣಾಗಿಸುತ್ತಿದ್ದೆ. "ಎಳೆ ಎಳೀರಿ ಬಿ.ಎ., ಮಾತು ಎಳೀಬ್ಯಾಡಿ" ಎಂದಷ್ಟೇ ಅವರು ಹೇಳುತ್ತಿದ್ದರು. ನನಗೆ ವಿಷಮಶೀತ ಜ್ವರ ಬಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬಿದ್ದಿದ್ದಾಗ, ಮುಳ್ಳೂರಿನ ತಮ್ಮ ಮನೆಯಿಂದ ಹದಿನೇಳು ದಿನ ಗಂಜಿಯ ತೂಕುಪಾತ್ರೆ ಹಿಡಿದು ಬಂದು, ಕುಡಿಸಿ, ಬಾಯಿ ಒರೆಸಿ ಹೋದವರು ಅವರು. ಅಂಥವರಿಗೆ ನಾನು ಏನು ಮಾಡಿದೆನೆಂಬುದನ್ನು ಈ ಗ್ರಂಥದಲ್ಲಲ್ಲದೆ ಇನ್ನೆಲ್ಲಿ ಬರೆಯಲಿ?

೧೯೬೯ರ ಹೊತ್ತಿಗೆ ಮೇಷ್ಟ್ರ ಕಣ್ಣು ಎರಡು ವರ್ಷಗಳಿಂದ ಮಂಜಾಗುತ್ತ ಬಂದಿತ್ತು. ಅದು ಗೊತ್ತಿದ್ದುದು ಪುಟ್ಟಮಾದಮ್ಮನವರೊಬ್ಬರಿಗೆ. ಕಣ್ಣು ಕಾಣದವರನ್ನು ಪಾಠಕ್ಕೆ ಇಟ್ಟುಕೊಳ್ಳುವಂತಿರಲಿಲ್ಲ. ಪಾಠವಿಲ್ಲದ ಬದುಕು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಆದ್ದರಿಂದ ದಿನವೂ ಅವರು ಮಗ್ಗದ ಬಳಿ ನಿಂತು "ಎಂಗದೆ?" ಎನ್ನುವುದು, ಆಕೆ ಎಲ್ಲಿ ಎಳೆ ತಪ್ಪಿದೆಯೆಂದು ಮೆಲ್ಲಗೆ ಹೇಳುವುದು, ಅವರು ಗಟ್ಟಿಯಾಗಿ ಅದನ್ನೇ ಗದರುವುದು, ಹೀಗೆ ನಡೆದುಹೋಗುತ್ತಿತ್ತು. ಎಲ್ಲರ ದನಿಯನ್ನೂ ಕದ್ದವನಿಗೆ ಒಬ್ಬರ ಕಣ್ಣು ಕಂಡಿರಲಿಲ್ಲ.

ಮೈಸೂರಿನ ಅಧಿಕಾರಿಯೊಬ್ಬರು ತಪಾಸಣೆಗೆ ಬರುವುದರ ಹಿಂದಿನ ದಿನ ಅದು. ಅವರಿಗೆ ತೋರಿಸಬೇಕಾದ ಟ್ವಿಲ್ ಬಟ್ಟೆ ಪುಟ್ಟಮಾದಮ್ಮನವರ ಮಗ್ಗದ ಮೇಲಿತ್ತು. ಮೇಷ್ಟ್ರು ಅಂಚೆ ಕಚೇರಿಗೆ ಹೋಗಿದ್ದರು. ನಾನು ನೂಲಿನ ಮೂಟೆಗಳ ಮರೆಯಲ್ಲಿ ನಿಂತು, ಅವರದೇ ದನಿಯಲ್ಲಿ, ಸರದಿಯನ್ನು ತಿರುಗಿಸಿ ಕೂಗಿದೆ: "ಮೂರು ಮೇಲೆ, ಮಿಕ್ಕದ್ದು ಕೀಳೆ! ಎರಡು ಮೇಲೆ, ಮಿಕ್ಕದ್ದು ಕೀಳೆ!" ಮೇಷ್ಟ್ರೇ ಬಂದು ಹೊಸ ನಮೂನೆ ಹೇಳುತ್ತಿದ್ದಾರೆಂದು ತಿಳಿದು ಆಕೆ ತಲೆಯೆತ್ತದೆ ನೇಯ್ದರು. ಒಂದು ಮೊಳ ಬಟ್ಟೆಯಲ್ಲಿ ಗೆರೆ ಬಲಕ್ಕೆ ಹೋಗುತ್ತಿದ್ದುದು ಎಡಕ್ಕೆ ಹೊರಳಿತು. ಮೇಷ್ಟ್ರು ಬಂದು ಕೂಗಾಡುವುದನ್ನು ಕೇಳಲು ನಾನು ಅಲ್ಲೇ ಕಾದೆ. ಅವರು ಬಂದು ಮಗ್ಗದ ಬಳಿ ನಿಂತರು.

"ಎಂಗದೆ, ಪುಟ್ಟಮಾದಮ್ಮ?"

"ನೀವು ಏಳ್ದಂಗೇ ಅದೆ ಸಾ."

"ಅಂಗಾರೆ ಓರೆ ನೆಟ್ಟಗದೆ, ಬುಡು."

ಮೇಷ್ಟ್ರು ನನ್ನ ಆಟವನ್ನು ಕಂಡುಹಿಡಿದು, ನನಗೇ ತಿರುಗಿ ಆಟ ಕಟ್ಟುತ್ತಿದ್ದಾರೆಂದು ನಾನು ನಂಬಿದೆ. ಒಳ್ಳೆಯ ಪಟ್ಟು ಎಂದು ಮೆಚ್ಚಿ, ಬಾಯಿ ಬಿಡದೆ ಮನೆಗೆ ಹೋದೆ.

ಮರುದಿನ ಅಧಿಕಾರಿಯವರು ಬಟ್ಟೆ ಬಿಡಿಸಿ, "ಇದೇನ್ರಿ ಷಡಕ್ಷರಿ, ಇಲ್ಲಿ ಗೆರೆ ಹಿಂದಕ್ಕೆ ತಿರುಗಿದೆಯಲ್ಲ?" ಎಂದರು.

"ತಿರುಗಿಲ್ಲ ಸಾ, ಒಂದೇ ನಡೆ."

"ಎಲ್ಲಿ, ನಾನು ಹೇಳಿದ ಜಾಗಕ್ಕೆ ಬೆರಳಿಡಿ."

ಮೇಷ್ಟ್ರು ಬೆರಳಿಟ್ಟರು. ತಿರುವಿನಿಂದ ಒಂದು ಗೇಣು ಆಚೆ ಇಟ್ಟರು. ಇಪ್ಪತ್ತು ಮಗ್ಗಗಳಿಂದಲೂ ಕತ್ತುಗಳು ಆ ಬೆರಳಿನ ಕಡೆ ಹೊರಳಿದವು. ನಾನು ಮುಂದೆ ಬಂದು, ಕೂಗಿದವನು ನಾನು, ತಪ್ಪು ನನ್ನದು ಎಂದೆ. ಅಧಿಕಾರಿಯವರು ಕೆಟ್ಟವರಲ್ಲ, ಬಟ್ಟೆಯನ್ನು ಮಡಿಸಿಟ್ಟು, "ಕೂಗಿದ್ದು ಯಾರು ಅನ್ನೋದಲ್ಲ ಈಗ. ಕಾಣದೇ ಇರೋದು ಯಾರಿಗೆ ಅನ್ನೋದು" ಎಂದರು.

ಮೈಸೂರಿನ ವೈದ್ಯರು ಕಣ್ಣಿನ ನರ ಸೊರಗಿದೆ, ಮಾಡುವುದೇನೂ ಉಳಿದಿಲ್ಲವೆಂದರು. ಮೇಷ್ಟ್ರ ಪಾಠ ನನಗೆ ಬಂತು. ಲಾಳಿಗೆ ಹಾಕುವ ನೂಲಿನ ಕಂಡಿಕೆಯನ್ನು ರಾಟೆಯಲ್ಲಿ ಸುತ್ತುವ ಕೆಲಸ, ಅದೇ ಕೋಣೆಯ ಮೂಲೆಯಲ್ಲಿ, ಅವರಿಗೆ ಬಂತು. ಕಾಣದವರಿಗೆ ಕಂಡಿಕೆ: ತಾನಾಗಿ ಒದಗಿದ ಶ್ಲೇಷೆಯೊಂದನ್ನು ನಾನು ಯಾರಿಗೂ ಹೇಳದೆ ನುಂಗಿದ್ದು ಅದೊಂದೇ ಸಲ. ಎಂಟು ತಿಂಗಳು ಅವರು ನನ್ನೊಡನೆ ಮಾತಾಡಲಿಲ್ಲ. ಸಿಟ್ಟಿನಿಂದಲ್ಲ. ಯಾರೊಡನೆಯೂ ಆಡಲಿಲ್ಲ.

ಪಾಠವೂ ಸಾಗಲಿಲ್ಲ. "ಎರಡನೆಯ ಹಣಿಗೆಯನ್ನು ಮೇಲೆತ್ತತಕ್ಕದ್ದು" ಎಂದು ನಾನು ವಾಕ್ಯ ಮುಗಿಸುವಷ್ಟರಲ್ಲಿ ಕೈಗಳು ಲೆಕ್ಕ ತಪ್ಪುತ್ತಿದ್ದವು. ಒಂದು ದಿನ ಪುಟ್ಟಮಾದಮ್ಮನವರು ಲಾಳಿ ಕೆಳಗಿಟ್ಟರು. "ಬಿ.ಎ. ಸಾ, ನಿಮ್ ಗಂಟ್ಲು ಬ್ಯಾಡ. ಅವ್ರ ಗಂಟ್ಲಲ್ಲೇ ಕೂಗಿ. ಕದ್ದಿದ್ದೀರಲ್ಲ, ಉಪ್ಯೋಗಕ್ಕಾರಾ ಬರ್ಲಿ."

ಮೂಲೆಯಲ್ಲಿ ಮೇಷ್ಟ್ರು ಕೂತಿದ್ದಾರೆ. ನಾನು ಕೂಗಿದೆ: "ಒಂದು ಮೇಲೆ, ಮಿಕ್ಕದ್ದು ಕೀಳೆ!" ರಾಟೆ ನಿಂತಿತು. ಇಪ್ಪತ್ತು ಮಗ್ಗಗಳು ಒಟ್ಟಿಗೆ ನಡೆದವು. ಸ್ವಲ್ಪ ಹೊತ್ತಿಗೆ ರಾಟೆ ಮತ್ತೆ ತಿರುಗಿತು, ನನ್ನ ಕೂಗಿನ ಲಯಕ್ಕೆ.

ಅಂದಿನಿಂದ ಈ ೧೯೭೫ರವರೆಗೆ ಎರವಲು ದನಿಯಲ್ಲೇ ಪಾಠ ಹೇಳಿದ್ದೇನೆ. ದನಿಯ ಒಡೆಯರು ನೂರು ವರ್ಷ ಬಾಳಲಿ. ನಿವೃತ್ತಿಯೆಂಬುದು ಕಚೇರಿಯ ಮಾತು, ಮೂಲೆಯ ರಾಟೆ ಅವರದೇ. ದಿನವೂ ಬರಲಿ, ನಾನು ತಪ್ಪಿದಲ್ಲೆಲ್ಲ ತಿದ್ದಲಿ. ಮೊದಲ ಸಲ ತಿದ್ದಿದ್ದು ಹೀಗೆ. ಅವರ ದನಿಯಲ್ಲಿ ಕೂಗತೊಡಗಿದ ಒಂದು ವಾರಕ್ಕೆ ನಾನು ಎರಡಾದ ಮೇಲೆ ಮೂರನ್ನು ಬಿಟ್ಟು ಒಂದಕ್ಕೆ ಹಾರಿದೆ. ಮೂಲೆಯಿಂದ, ಎಂಟು ತಿಂಗಳ ಮೇಲೆ, ನನ್ನದೇ ದನಿ ಕೇಳಿಸಿತು, ನನ್ನದೇ ರಾಗ, ನನ್ನದೇ ಕಾಲೇಜಿನ ಕನ್ನಡ, ಮೂಗಿನಿಂದ ಎಳೆಯುವ ನನ್ನ ಎಳೆತ ಕೂಡ: "ಮೂರನೆಯ ಹಣಿಗೆಯನ್ನು ಮರೆತ ಬಿ.ಎ. ಪದವೀಧರರ ನಾಲಿಗೆಯನ್ನು, ತಾಯಂದಿರೇ, ದಯಮಾಡಿ ಕೀಳತಕ್ಕದ್ದು!"

ಪುಟ್ಟಮಾದಮ್ಮನವರು ಸೆರಗನ್ನು ಬಾಯಿಗೊತ್ತಿಕೊಂಡರು, ಪ್ರಯೋಜನವಾಗಲಿಲ್ಲ. ಕೋಣೆಯೇ ನಕ್ಕಿತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಅವರೆಲ್ಲರ ನಗುವನ್ನೂ ಮುಚ್ಚಿಹಾಕುವಷ್ಟು ಜೋರಾಗಿ, ಕಂಡಿಕೆ ಕೈಜಾರಿ ನೆಲದುದ್ದಕ್ಕೂ ನೂಲು ಬಿಚ್ಚಿಕೊಳ್ಳುತ್ತಿದ್ದರೂ ಅರಿವಿಲ್ಲದೆ, ಷಡಕ್ಷರಿ ಮೇಷ್ಟ್ರು ನಗುತ್ತಿದ್ದರು.